ಟೆಂಟರ್ ಹಿಲ್ ವಾರ್ಡಿನ ಒಂದು ಮತ

ಪ್ಲೋವರ್ ಸ್ಟ್ರೀಟ್, ಟೆಂಟರ್ ಹಿಲ್
೨೬ ಫೆಬ್ರವರಿ ೨೦೦೬

ನಮ್ಮ ಹೊರೇಸ್,

ನಿನ್ನ ಮನೆ ನೆಟ್ಟಗಿದೆ. ಇವತ್ತು ಹೋಗಿ ಕಿಟಕಿ ತೆರೆದಿಟ್ಟು, ನಲ್ಲಿ ಬಿಟ್ಟು ನೋಡಿ, ಬಾಗಿಲ ಹಿಂದೆ ಬಿದ್ದಿದ್ದ ಅಂಚೆ ಆರಿಸಿಕೊಂಡು ಬಂದೆ. ಮುಂದಿನ ಕಿಟಕಿಯಲ್ಲಿ ನಿನ್ನ ಪಕ್ಷದ ಪೋಸ್ಟರ್ ಬಿಸಿಲಿಗೆ ಬಿಳಿಚಿಕೊಂಡಿದೆ. ತೆಗೆಯೋಣವೆನ್ನಿಸಿತು, ತೆಗೆಯಲಿಲ್ಲ. ಮೂವತ್ತು ವರ್ಷ ಪಕ್ಷದ ಚುನಾವಣಾ ಏಜೆಂಟ್ ಆಗಿದ್ದ ಅಣ್ಣನ ಕಿಟಕಿಗೆ ಕೈ ಹಚ್ಚಲು ತಂಗಿ ನಾನು ಯಾರು?

ಇನಾ ಹುಟ್ಟಿದ ದ್ವೀಪದಲ್ಲಿ ನೀನು ಕಟ್ಟುತ್ತಿರುವ ಆ ಕಲ್ಲುಗೋಡೆ ಯಾವಾಗ ಮುಗಿಯುತ್ತದೆ? ಹೆಂಡತಿಯನ್ನು ಮಣ್ಣು ಮಾಡಲು ಹೋದವನು ಎರಡು ವರ್ಷವಾದರೂ 'ಮುಂದಿನ ವಸಂತಕ್ಕೆ ಬಂದೆ' ಎನ್ನುತ್ತಲೇ ಇದ್ದೀಯ. ಫೋನನ್ನಾದರೂ ಹಾಕಿಸಿಕೋ ಎಂದರೆ ಅದೂ ಇಲ್ಲ.

ಸುದ್ದಿ ನಿನಗೆ ತಲುಪಿರಬೇಕು. ಆಲ್ಮಾ ರಸ್ತೆಯ ಈಜುಕೊಳ ಮುಚ್ಚುತ್ತಾರಂತೆ. ಮುಚ್ಚುವವರು ನಿನ್ನ ಪಕ್ಷದವರೇ. ನೀರು ಕಾಯಿಸುವ ಬಾಯ್ಲರ್ ಹಳೆಯದಾಯಿತಂತೆ, ನಗರಸಭೆಯ ಕೈಲಾಗುವುದಿಲ್ಲವಂತೆ. ಇಪ್ಪತ್ತಾರು ವರ್ಷ ಕುತ್ತಿಗೆಗೆ ಸೀಟಿ ಕಟ್ಟಿಕೊಂಡು ಆ ಕೊಳದ ಅಂಚಿನಲ್ಲಿ ನಿಂತವಳು ನಾನು. ಬೀದಿ ಮುಗಿದ ಕಡೆ ಕಾಲುವೆ ಇದೆ, ಸೆಕೆ ಬಂದರೆ ಹುಡುಗರು ಅದಕ್ಕೇ ಹಾರುವುದು. ಚಿಕ್ಕಂದಿನಲ್ಲಿ ನಮ್ಮ ತಮ್ಮ ಲಯನೆಲ್ ಅದರಲ್ಲಿ ಮುಳುಗಿದಾಗ ದಡದಲ್ಲಿ ನಿಂತು ಕೂಗಿದ್ದು ನಾವಿಬ್ಬರೇ. ಇಬ್ಬರಿಗೂ ಈಜು ಬರುತ್ತಿರಲಿಲ್ಲ. ನಾನು ಆಮೇಲೆ ಕಲಿತೆ.

ಒಬ್ಬ ಸ್ನೇಹಿತೆ ಕೇಳುತ್ತಿದ್ದಾಳೆ: ಯಾವ ಪಕ್ಷವೂ ಇಲ್ಲದೆ ನಿಲ್ಲುವುದಾದರೆ ನಾಮಪತ್ರಕ್ಕೆ ಎಷ್ಟು ಜನ ಸಹಿ ಹಾಕಬೇಕು?

ನಿನ್ನ ಈನಿಡ್


ಶೆಟ್‌ಲ್ಯಾಂಡ್
೧೨ ಮಾರ್ಚ್ ೨೦೦೬

ನಮ್ಮ ಈನಿಡ್,

ಹತ್ತು ಜನ. ಹತ್ತೂ ಜನ ಆ ವಾರ್ಡಿನ ಮತದಾರರೇ ಆಗಿರಬೇಕು. ಸ್ನೇಹಿತೆ ಅಂದರೆ ಹೆಂಗಸರಿಗೆ ಬುಧವಾರದ ಈಜು ನಡೆಸುವ ನಸ್ರೀನ್ ಅಖ್ತರ್ ಎಂದು ಊಹಿಸಿದ್ದೇನೆ. ಒಳ್ಳೆಯ ಹೆಂಗಸು, ಗಟ್ಟಿಗಿತ್ತಿ. ಆದರೆ ಅವಳಿಗೆ ಬುದ್ಧಿ ಹೇಳು. ಪಕ್ಷೇತರ ಅಭ್ಯರ್ಥಿ ಅಂದರೆ ಹಿಡಿ ಇಲ್ಲದ ಕೆಟಲ್. ನೀರೇನೋ ಕಾಯುತ್ತದೆ, ಎತ್ತಿ ಸುರಿಯುವವರಿರುವುದಿಲ್ಲ. ನನ್ನ ಕಾಲದಲ್ಲಿ ಅಂಥವರನ್ನು ನಾವು ಎಣಿಕೆಯ ದಿನ ಚಹಾ ಕೊಟ್ಟು ಸಮಾಧಾನ ಮಾಡಿ ಕಳಿಸುತ್ತಿದ್ದೆವು.

ಈಜುಕೊಳದ ವಿಷಯ ಪಕ್ಷದ ಒಳಗೇ ಮಾತಾಡಬೇಕು. ನಾನು ಬರೆಯುತ್ತೇನೆ.

ಇಲ್ಲಿ ಗಾಳಿ. ಗೋಡೆ ಮೊಣಕಾಲಿನವರೆಗೆ ಬಂದಿದೆ.

ಹೊರೇಸ್


ಪ್ಲೋವರ್ ಸ್ಟ್ರೀಟ್
೭ ಮೇ ೨೦೦೬

ನಮ್ಮ ಹೊರೇಸ್,

ಸ್ನೇಹಿತೆ ನಾನೇ. ನೀನು ಓದಿ ಮುಗಿಸುವವರೆಗೆ ಬೈಯಬೇಡ.

ಗುರುವಾರ ಮತದಾನ, ಶುಕ್ರವಾರ ಎಣಿಕೆ. ನಿನ್ನ ಪಕ್ಷಕ್ಕೆ ಸಾವಿರದ ಇನ್ನೂರ ನಾಲ್ಕು, ನನಗೆ ಮುನ್ನೂರ ಹನ್ನೊಂದು. ನೀನು ಹೇಳಿದ ಹಾಗೆಯೇ ಚಹಾ ಕೊಟ್ಟರು. ಬಿಸ್ಕತ್ತೂ ಇತ್ತು.

ಸೋತಿದ್ದಕ್ಕಲ್ಲ, ಅರ್ಥವಾಗದ್ದಕ್ಕೆ ಬೇಜಾರು. ನಸ್ರೀನ್, ನಾನು, ಅವಳ ಅಕ್ಕ, ಮೂವರೂ ಒಂದು ತಿಂಗಳು ಬೀದಿ ಬೀದಿ ಸುತ್ತಿದೆವು. ಮತ ಕೇಳುವುದು ಗೌರವದ ಕೆಲಸ ಎಂದು ನಾನು ಚರ್ಚಿಗೆ ಹೋಗುವ ಕೋಟು ಹಾಕಿಕೊಂಡೆ, ಮುಂಬಾಗಿಲಲ್ಲೇ ನಿಂತು ಬಡಿದೆವು. ಹತ್ತರಲ್ಲಿ ಎಂಟು ಮನೆಯಲ್ಲಿ ಯಾರೂ ಇಲ್ಲ. ಒಳಗೆ ಟಿವಿ ಸದ್ದು ಕೇಳುತ್ತದೆ, ಈರುಳ್ಳಿ ಹುರಿಯುವ ವಾಸನೆ ಬರುತ್ತದೆ, ಬಾಗಿಲು ಮಾತ್ರ ತೆಗೆಯುವುದಿಲ್ಲ. ನಾನು ಈಜು ಕಲಿಸಿದ ಮಕ್ಕಳ ಮನೆಗಳು ಅವು. ನನ್ನನ್ನು ಕಂಡರೆ ಇಷ್ಟು ಅಸಡ್ಡೆಯೇ ಎಂದು ಅವತ್ತು ಮನೆಗೆ ಬಂದು ಅತ್ತೆ.

ಆದರೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ, ನನಗೆ ಮೀಸೆ ಇಲ್ಲದ ಕಾರಣ. ನಮ್ಮ ವಾರ್ಡಿಗೆ ಮೂರು ಸ್ಥಾನ, ವರ್ಷಕ್ಕೊಂದರಂತೆ ಚುನಾವಣೆ. ಮುಂದಿನ ಮೇ ತಿಂಗಳಿಗೆ ಮತ್ತೊಂದು ಖಾಲಿಯಾಗುತ್ತದೆ. ಈಜುಕೊಳಕ್ಕೆ ಸದ್ಯ ವಾರದಲ್ಲಿ ಮೂರೇ ದಿನ ಎಂದು ಮಾಡಿದ್ದಾರೆ. ಪೂರ್ತಿ ಮುಚ್ಚುವ ಮಾತು ಮುಂದಕ್ಕೆ ಹೋಗಿದೆ.

ಈನಿಡ್


ಶೆಟ್‌ಲ್ಯಾಂಡ್
೨೯ ಮೇ ೨೦೦೬

ಈನಿಡ್,

ಅಪ್ಪ ಪಕ್ಷದ ಕಾರ್ಡನ್ನು ಬೈಬಲ್ಲಿನ ಜೊತೆ ಇಡುತ್ತಿದ್ದರು. ಅದಕ್ಕೆ ಎದುರಾಗಿ ನಿಲ್ಲುವ ಮೊದಲು ಒಂದು ಮಾತು ಹೇಳಬಹುದಿತ್ತು.

ನನ್ನ ಮನೆಯನ್ನು ಬೆಚ್ಚಗಿಡುವ ರೇಡಿಯೇಟರುಗಳಿಂದ ಗಾಳಿ ಬಿಡಿಸು. ಕೀಲಿ ಗಡಿಯಾರದ ಹಿಂದಿದೆ.

ಹೊರೇಸ್


ಶೆಟ್‌ಲ್ಯಾಂಡ್
೧೯ ನವೆಂಬರ್ ೨೦೦೬

ನಮ್ಮ ಈನಿಡ್,

ಆರು ತಿಂಗಳು ಬರೆಯಲಿಲ್ಲ. ನಿನ್ನ ಮೂರು ಪತ್ರ ಬಂದವು, ಪಾರ್ಕಿನ್ ಡಬ್ಬಿಯೂ ಬಂತು. ಕೇಕು ಚೆನ್ನಾಗಿತ್ತು, ಶುಂಠಿ ಸ್ವಲ್ಪ ಹೆಚ್ಚು.

ಇಲ್ಲಿ ಮಧ್ಯಾಹ್ನಕ್ಕೇ ಕತ್ತಲು. ಮಾಡಲು ಕೆಲಸವಿಲ್ಲದೆ ನಿನ್ನ ಮೇ ತಿಂಗಳ ಪತ್ರವನ್ನು ಮತ್ತೆ ಓದಿದೆ. ಓದುತ್ತ ಓದುತ್ತ ಮೈ ಉರಿಯಿತು. ಪಕ್ಷದ ವಿಷಯಕ್ಕಲ್ಲ. ಮುಂಬಾಗಿಲು ಬಡಿದೆಯಾ? ಟೆಂಟರ್ ಹಿಲ್ಲಿನಲ್ಲಿ? ನಿನಗೆ ತಲೆ ನೆಟ್ಟಗಿದೆಯೇ?

ನಮ್ಮ ಮನೆಯ ಮುಂಬಾಗಿಲು ವರ್ಷಕ್ಕೆ ಎಷ್ಟು ಸಲ ತೆರೆಯುತ್ತಿತ್ತು, ನೆನಪು ಮಾಡಿಕೋ. ಮದುಮಗಳು ಹೊರಡುವಾಗ, ಹೆಣ ಹೊರಡುವಾಗ. ಮಿಕ್ಕಂತೆ ಅದನ್ನು ಬಡಿಯುವವನು ಬಾಡಿಗೆ ವಸೂಲಿಯವನು, ಪೊಲೀಸಿನವನು, ಇಲ್ಲವೇ ಧರ್ಮ ಮಾರುವವನು. ಬಡಿದ ಸದ್ದಾದರೆ ಅಮ್ಮ ನಮ್ಮನ್ನೆಲ್ಲ ಸೋಫಾದ ಹಿಂದೆ ಕೂರಿಸುತ್ತಿದ್ದಳು. ಆ ಜನ ನಿನ್ನನ್ನು ಅಸಡ್ಡೆ ಮಾಡಲಿಲ್ಲ, ನಿನ್ನ ಕೋಟಿಗೆ ಹೆದರಿ ಸೋಫಾದ ಹಿಂದೆ ಕೂತಿದ್ದರು.

ಹಿಂದಿನ ಓಣಿಯಿಂದ ಹೋಗು. ಬಟ್ಟೆ ಒಣಹಾಕುವ ಸೋಮವಾರ ಹೋಗಬೇಡ, ಹಗ್ಗಗಳ ಕೆಳಗೆ ಬಗ್ಗಿ ಬಗ್ಗಿ ಸೊಂಟ ಹೋಗುತ್ತದೆ. ಹಿತ್ತಲ ಬಾಗಿಲನ್ನು ಬಡಿಯಬೇಡ. ತಳ್ಳಿ, ಹೆಸರು ಹಿಡಿದು ಕೂಗು. ಮತ ಕೇಳಬೇಡ, ಮೊದಲು ಮನೆಯವರ ಮಂಡಿನೋವು ಕೇಳು.

ಇದು ಸಹಾಯವಲ್ಲ. ತಪ್ಪು ಕಂಡರೆ ತಿದ್ದದೆ ಇರಲಾಗುವುದಿಲ್ಲ, ಅಷ್ಟೇ.

ಹೊರೇಸ್


ಪ್ಲೋವರ್ ಸ್ಟ್ರೀಟ್
೧ ಏಪ್ರಿಲ್ ೨೦೦೭

ನಮ್ಮ ಹೊರೇಸ್,

ಸಹಾಯವಲ್ಲದ್ದಕ್ಕೆ ಧನ್ಯವಾದ.

ಕೋಟು ಬಿಚ್ಚಿಟ್ಟು ಏಪ್ರನ್ನಿನಲ್ಲೇ ಹೊರಟೆ. ಬ್ರಿಗ್ ಸ್ಟ್ರೀಟಿನ ಮುದುಕಿ ಆಲ್ಥಿಯಾ ಹೋಮ್ಸ್ ಹಿತ್ತಲಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದಳು. "ಹೋದ ವರ್ಷ ಬಂದು ಬಾಗಿಲು ಬಡ್ದೋಳು ನೀನೇನಾ? ನಾನು ಕರೆಂಟ್ ಕಟ್ ಮಾಡೋಕ್ ಬಂದ್ರು ಅಂತ ದೀಪ ಆರ್ಸಿ ಕೂತಿದ್ದೆ ಕಣೇ," ಅಂದಳು. ನಾನೂ ಒಂದು ಚಾಕು ತಗೊಂಡು ಕೂತೆ. ಆಲೂಗಡ್ಡೆ ಮುಗಿಯುವ ಹೊತ್ತಿಗೆ ಅವಳು, ಅವಳ ಇಬ್ಬರು ಗಂಡುಮಕ್ಕಳು, ಪಕ್ಕದ ಮನೆಯ ಸೊಸೆ, ಎಲ್ಲರೂ ನನ್ನ ಕಡೆ.

ನಸ್ರೀನ್ ಹೋದ ಕಡೆಯೂ ಇದೇ ಕಥೆ. "ಆಂಟಿ, ಮುಂದ್ಗಡೆಯಿಂದ ಹೋದ್ರೆ ಗಂಡಸರು ಬಂದು ಯೋಚ್ನೆ ಮಾಡ್ತೀವಿ ಅಂತಾರೆ. ಹಿಂದ್ಗಡೆಯಿಂದ ಹೋದ್ರೆ ಹೆಂಗಸರು ಯೋಚ್ನೆ ಮಾಡಿ ಮುಗ್ಸಿರ್ತಾರೆ," ಅನ್ನುತ್ತಾಳೆ. ಈ ಮಾತು ನಿನ್ನ ಏಜೆಂಟರ ಪಾಠದಲ್ಲಿತ್ತೇ?

ಪಕ್ಷದಿಂದ ಈ ಸಲ ಮಾಲ್ಕಂ ಫರ್ತ್ ನಿಂತಿದ್ದಾನೆ. ಕೆಟ್ಟವನಲ್ಲ. ಮುಂಬಾಗಿಲುಗಳನ್ನೇ ಬಡಿಯುತ್ತಿದ್ದಾನೆ, ನಾನು ಏನೂ ಹೇಳಿಲ್ಲ.

ನಿನ್ನ ಅಂಚೆ ಮತದ ಲಕೋಟೆ ಇನ್ನೆರಡು ವಾರದಲ್ಲಿ ನಿನ್ನ ಮನೆಗೆ ಬರುತ್ತದೆ, ಬಂದ ದಿನವೇ ಅಲ್ಲಿಗೆ ಕಳಿಸುತ್ತೇನೆ. ಹಾಕು ಎಂದು ಹೇಳುವುದಿಲ್ಲ. ಹೇಳುವ ಅಗತ್ಯವಿಲ್ಲ ಎಂದುಕೊಂಡಿದ್ದೇನೆ.

ನಿನ್ನ ಈನಿಡ್


ಶೆಟ್‌ಲ್ಯಾಂಡ್
೨೬ ಏಪ್ರಿಲ್ ೨೦೦೭

ನಮ್ಮ ಈನಿಡ್,

ಲಕೋಟೆ ಬಂತು. ಭರ್ತಿ ಮಾಡಿ ಇವತ್ತಿನ ದೋಣಿಗೆ ಹಾಕಿದೆ.

ಕುರಿಗಳು ಮರಿ ಹಾಕುತ್ತಿವೆ. ಗೋಡೆಯ ಒಂದು ಮೂಲೆ ಕುಸಿಯಿತು, ಮತ್ತೆ ಕಟ್ಟಿದೆ.

ಹೊರೇಸ್


ಪ್ಲೋವರ್ ಸ್ಟ್ರೀಟ್
೫ ಮೇ ೨೦೦೭

ಹೊರೇಸ್,

ಒಂದು ಮತದಿಂದ ಸೋತೆ.

ಮೊದಲ ಎಣಿಕೆಯಲ್ಲಿ ಮೂರು ಕಡಿಮೆ. ಮತ್ತೆ ಎಣಿಸಿ ಅಂದೆ. ಆಗ ಒಂದು ಕಡಿಮೆ. ಇನ್ನೊಮ್ಮೆ ಎಣಿಸಿದರು, ಮತ್ತೆ ಒಂದೇ. ಫರ್ತ್ ಮುಖ ಸುಣ್ಣವಾಗಿತ್ತು. ಗೆದ್ದ ಮೇಲೂ ನನ್ನ ಕೈ ಬಿಡದೆ ಹಿಡಿದುಕೊಂಡೇ ನಿಂತಿದ್ದ.

ನಿನಗೆ ಗೊತ್ತಲ್ಲ, ಅನುಮಾನದ ಮತಪತ್ರಗಳನ್ನು ಅಭ್ಯರ್ಥಿಗಳಿಗೆ ಒಂದೊಂದಾಗಿ ತೋರಿಸುತ್ತಾರೆ. ಒಬ್ಬರು ನನ್ನ ಹೆಸರಿನ ಮುಂದಿನ ಚೌಕದಲ್ಲಿ ಇಂಟು ಗುರುತಿನ ಬದಲು ನಗುವ ಮೀನು ಬಿಡಿಸಿದ್ದರು. ಮನಸ್ಸಿನಲ್ಲಿರುವುದು ಸ್ಪಷ್ಟವಾಗಿದೆ ಎಂದು ಒಪ್ಪಿಕೊಂಡರು. ಇನ್ನೊಬ್ಬರು ಎಲ್ಲರಿಗೂ ಇಂಟು ಹಾಕಿ ಕೆಳಗೆ ಬೈಗುಳ ಬರೆದಿದ್ದರು. ಅದು ಹೋಯಿತು.

ಆಮೇಲೆ ಚುನಾವಣಾಧಿಕಾರಿ ಒಂದು ಹಾಳೆ ಎತ್ತಿ ಹಿಡಿದರು. ನನ್ನ ಹೆಸರಿನ ಮುಂದೆ ಅಚ್ಚುಕಟ್ಟಾದ ಇಂಟು. ಪಕ್ಕದಲ್ಲಿ ಪೂರ್ತಿ ಸಹಿ.

"ಇದನ್ನ ತಳ್ಳಿಹಾಕ್ತಿದ್ದೀನಿ. ಹಾಕಿದೋರು ಯಾರು ಅಂತ ಗೊತ್ತಾಗೋ ಗುರುತಿದ್ರೆ ಮತ ಅಸಿಂಧು. ತಕರಾರಿದೆಯಾ?"

ನಸ್ರೀನ್ ನನ್ನ ತೋಳು ಹಿಡಿದಳು. "ಆಂಟಿ, ತಕರಾರು ಮಾಡಿ."

"ಇಲ್ಲ ಸರ್," ಅಂದೆ. "ನಿಯಮ ನಂಗೊತ್ತು. ಚಿಕ್ಕೋಳಿದ್ದಾಗಿಂದ ಮನೇಲಿ ಕೇಳ್ಕೊಂಡೇ ಬೆಳ್ದಿದ್ದೀನಿ."

ಅದೊಂದು ಸೇರಿದ್ದರೆ ಸಮ. ಸಮವಾದರೆ ಇಬ್ಬರ ಹೆಸರನ್ನೂ ಬರೆದು ಪೆಟ್ಟಿಗೆಯಿಂದ ಚೀಟಿ ಎತ್ತುತ್ತಿದ್ದರು, ಅರ್ಧ ಆಸೆಯಾದರೂ ಇರುತ್ತಿತ್ತು.

ಎಣಿಕೆಯ ಕೋಣೆಯಲ್ಲಿ ಕಂಡ ಮತ ಯಾರದೆಂದು ಹೊರಗೆ ಹೇಳಿದರೆ ಕಾನೂನು ಪ್ರಕಾರ ಅಪರಾಧ. ಆದ್ದರಿಂದ ಹೇಳುವುದಿಲ್ಲ. ಎಚ್ ಅಕ್ಷರದ ಅಡ್ಡಗೆರೆಯನ್ನು ಬಟ್ಟೆ ಒಣಹಾಕುವ ಹಗ್ಗದ ಹಾಗೆ ಉದ್ದಕ್ಕೆ ಎಳೆಯುವವರು ಊರಿನಲ್ಲಿ ಬಹಳ ಮಂದಿ ಇರಬಹುದು.

ಈನಿಡ್


ಶೆಟ್‌ಲ್ಯಾಂಡ್
೨೦ ಮೇ ೨೦೦೭

ನಮ್ಮ ಈನಿಡ್,

ನೀನು ಬರೆದಿದ್ದು ಅರ್ಥವಾಯಿತು. ಈ ವರ್ಷದಿಂದ ಹೊಸ ನಿಯಮ ಬಂದಿದೆ. ಅಂಚೆ ಮತದ ಜೊತೆಗೆ ಬೇರೆ ಒಂದು ಹೇಳಿಕೆಯ ಹಾಳೆ ಕಳಿಸುತ್ತಾರೆ, ಅದರ ಮೇಲೆ ಸಹಿ, ಹುಟ್ಟಿದ ದಿನ ಎಲ್ಲ ಬರೆಯಬೇಕು. ಎರಡು ಹಾಳೆ, ಎರಡು ಲಕೋಟೆ. ವಯಸ್ಸಾದವರು ಗಲಿಬಿಲಿಯಾಗಿ ಎರಡಕ್ಕೂ ಸಹಿ ಹಾಕಿದರೆ ಆಶ್ಚರ್ಯವಿಲ್ಲ. ದೇಶದ ತುಂಬ ಹಾಗಾಗಿದೆಯೆಂದು ರೇಡಿಯೋದಲ್ಲಿಯೂ ಹೇಳಿದರು.

ಒಂದು ಮತದವರೆಗೆ ಬಂದಿದ್ದು ಸಣ್ಣ ಕೆಲಸವಲ್ಲ. ಅಪ್ಪನಾಗಿದ್ದರೂ ಒಪ್ಪುತ್ತಿದ್ದರು.

ಹೊರೇಸ್


ಪ್ಲೋವರ್ ಸ್ಟ್ರೀಟ್
೨ ಜೂನ್ ೨೦೦೭

ಹೊರೇಸ್,

ಬೇರೆ ಯಾವ ಮುದುಕ ಹೀಗೆ ಬರೆದಿದ್ದರೂ ನಂಬುತ್ತಿದ್ದೆ. ನಮ್ಮ ಅಡುಗೆಮನೆಯಲ್ಲಿ ಹೊಸ ಏಜೆಂಟರನ್ನು ಸಾಲಾಗಿ ಕೂರಿಸಿಕೊಂಡು ಯಾವ ಮತ ಸಿಂಧು, ಯಾವುದು ಅಸಿಂಧು ಎಂದು ಪಾಠ ಹೇಳುತ್ತಿದ್ದವನು ನೀನು. ಅವರಿಗೆ ಚಹಾ ಮಾಡಿಕೊಟ್ಟವಳು ನಾನು. "ಸಹಿ ಹಾಕಿದ ಮತ ಸತ್ತ ಮತ" ಎಂದು ನೀನು ಮೇಜು ಕುಟ್ಟಿ ಹೇಳುತ್ತಿದ್ದೆ.

ನೀನು ಗಲಿಬಿಲಿಯಾಗಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಮಾಡಿದೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡೆ. ಪಕ್ಷಕ್ಕೇ ಹಾಕಿದ್ದರೆ ಎರಡು ದಿನ ಮುನಿಸಿಕೊಂಡು ಸುಮ್ಮನಾಗುತ್ತಿದ್ದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟೆಯಲ್ಲ, ಅದನ್ನು ತಡೆಯಲಾಗುತ್ತಿಲ್ಲ. ಬಹಳ ನೋವಾಗಿದೆ. ಅಂದು ಕಾಲುವೆಯ ದಡದಲ್ಲಿ ನಿನಗೆ ಈಜು ಬರುತ್ತಿರಲಿಲ್ಲ, ಅದಕ್ಕೆ ಯಾರೂ ಬೈಯಲಿಲ್ಲ. ಈ ಸಲ ಬರುತ್ತಿತ್ತು.

ಈಜುಕೊಳ ಈಗ ವಾರಕ್ಕೆ ಎರಡು ದಿನ. ಮುಂದಿನ ಮೇ ಆದ ಮೇಲೆ ತೀರ್ಮಾನ ಮಾಡುತ್ತಾರಂತೆ. ನಾನು ಮತ್ತೆ ನಿಲ್ಲುತ್ತೇನೆ. ನಿನ್ನ ಮನೆ ನೋಡಿಕೊಳ್ಳುತ್ತೇನೆ, ಅಂಚೆ ಕಳಿಸುತ್ತೇನೆ. ಪತ್ರ ಬರೆಯುವುದಿಲ್ಲ.

ಈನಿಡ್


ಶೆಟ್‌ಲ್ಯಾಂಡ್
೧೦ ಫೆಬ್ರವರಿ ೨೦೦೮

ನಮ್ಮ ಈನಿಡ್,

ನೀನು ಹೇಳಿದ್ದೆಲ್ಲ ನಿಜ.

ಆ ಮತಪತ್ರವನ್ನು ಅಡುಗೆಮನೆಯ ಮೇಜಿನ ಮೇಲೆ ಇಟ್ಟುಕೊಂಡು ದಿನಗಟ್ಟಲೆ ಕೂತಿದ್ದೆ. ಪಕ್ಷಕ್ಕೆ ಹಾಕಲು ಕೈ ಬರಲಿಲ್ಲ. ನಿನಗೆ ಹಾಕಿ ಎದ್ದೆ. ಎದ್ದವನಿಗೆ ಅಪ್ಪನ ಮುಖ ಕಂಡ ಹಾಗಾಗಿ ಮತ್ತೆ ಕೂತು ಸಹಿ ಹಾಕಿದೆ. ನಿನಗೆ ಹಾಕಿದ ಹಾಗೂ ಆಯಿತು, ಪಕ್ಷಕ್ಕೆ ಎರಡು ಬಗೆಯದ ಹಾಗೂ ಆಯಿತು, ಒಂದು ಮತದಿಂದ ಏನು ಮಹಾ ಆಗುತ್ತದೆ ಎಂದುಕೊಂಡೆ. ಮೂವತ್ತು ವರ್ಷ ಮನೆಮನೆಗೆ ಹೋಗಿ, ಆ ಮಾತು ಹೇಳಿದವರನ್ನು ಬೈದು ಹಾಸಿಗೆಯಿಂದ ಎಬ್ಬಿಸಿ ಮತಗಟ್ಟೆಗೆ ಕರೆದುಕೊಂಡು ಹೋದವನು ನಾನು.

ನಿನಗೆ ಹೇಳದ ಇನ್ನೊಂದು ವಿಷಯ ಇದೆ. ಈ ಪುಟ್ಟ ದ್ವೀಪದಲ್ಲೂ ಶಾಲೆಯ ಪಕ್ಕದಲ್ಲಿ ಒಂದು ಈಜುಕೊಳ ಇದೆ. ಇಷ್ಟು ಜನಕ್ಕೆ ಇದು ಬೇಕೇ ಎಂದು ಇಲ್ಲಿ ಯಾರೂ ಕೇಳುವುದಿಲ್ಲ, ಸುತ್ತ ಸಮುದ್ರ. ಕ್ರಿಸ್‌ಮಸ್ ಕಳೆದ ಮೇಲೆ ನಾನೂ ಹೋಗುತ್ತಿದ್ದೇನೆ. ಕಲಿಸುವವಳಿಗೆ ನನ್ನ ಮೊಮ್ಮಗಳ ವಯಸ್ಸು. "ಅಂಚು ಬಿಡಿ ಅಜ್ಜ, ನೀರು ಎಲ್ಲೂ ಓಡಿಹೋಗಲ್ಲ," ಎನ್ನುತ್ತಾಳೆ. ಇನ್ನೂ ಬಿಟ್ಟಿಲ್ಲ. ಎಪ್ಪತ್ತಕ್ಕೆ ಬಂದವನಿಗೆ ನಾಚಿಕೆಯಾಗುತ್ತದೆ, ಆದರೂ ವಾರ ತಪ್ಪಿಸುವುದಿಲ್ಲ.

ಈಗ ಕೆಲಸದ ಮಾತು. ನನ್ನ ಮುಂದಿನ ಕಿಟಕಿಯ ಹಳೆಯ ಪೋಸ್ಟರ್ ಕಿತ್ತುಹಾಕು. ನಿನ್ನದನ್ನು ಅಂಟಿಸು, ಬಸ್ಸಿನಲ್ಲಿ ಹೋಗುವವರಿಗೂ ಕಾಣುವ ಹಾಗೆ. ಬೇರೆ ಅಭ್ಯರ್ಥಿಯ ಪೋಸ್ಟರ್ ಹಾಕಿದ ಸದಸ್ಯನನ್ನು ಪಕ್ಷ ಇಟ್ಟುಕೊಳ್ಳುವುದಿಲ್ಲ. ಅವರು ತೆಗೆಯುವ ಮೊದಲು ನಾನೇ ಕಾರ್ಡು ಹಿಂದಿರುಗಿಸಿದ್ದೇನೆ. ಅಪ್ಪನಿಗೆ ಉತ್ತರ ಹೇಳುವುದು ನನಗೆ ಬಿಡು, ಮೇಲೆ ಹೋದಾಗ ಹೇಳುತ್ತೇನೆ.

ನನ್ನ ಅಡುಗೆಮನೆ ಮೂರು ಓಣಿ ಸೇರುವ ಕಡೆ ಇದೆ. ಮತದಾನದ ದಿನ ಅಲ್ಲಿಂದ ಜನರನ್ನು ಹೊರಡಿಸು. ದೊಡ್ಡ ಕೆಟಲ್ ಮೆಟ್ಟಿಲ ಕೆಳಗಿದೆ, ಅದಕ್ಕೆ ಹಿಡಿ ಗಟ್ಟಿಯಾಗಿದೆ.

ಮತಪತ್ರ ಬಂದರೆ ಕಳಿಸು. ಯಾರಿಗೆ ಹಾಕಿದೆ ಎಂದು ಮಾತ್ರ ಕೇಳಬೇಡ.

ಹೊರೇಸ್


ಪ್ಲೋವರ್ ಸ್ಟ್ರೀಟ್
೩ ಮೇ ೨೦೦೮

ನಮ್ಮ ಹೊರೇಸ್,

ಪತ್ರ ಬರೆಯುವುದಿಲ್ಲ ಎಂದಿದ್ದೆ. ಇಂಥ ದಿನ ಬರೆಯದಿದ್ದರೆ ಹೊಟ್ಟೆ ಒಡೆದೇ ಹೋಗುತ್ತದೆ.

ಗೆದ್ದೆ. ನೂರ ಹನ್ನೆರಡು ಮತಗಳಿಂದ.

ನಿನ್ನ ಕಿಟಕಿಯ ಪೋಸ್ಟರ್ ಮಾಡಿದ ಕೆಲಸ ನಾವು ಮೂರು ವರ್ಷ ಓಣಿ ಸುತ್ತಿದರೂ ಆಗಿರಲಿಲ್ಲ. ಅಂಟಿಸಿದ ದಿನ ಜನ ಬಸ್ಸು ಹತ್ತುವುದು ಬಿಟ್ಟು ನೋಡುತ್ತ ನಿಂತರು. "ಹೊರೇಸ್ ಸತ್ತೋದ್ನಾ?" ಎಂದು ಆಲ್ಥಿಯಾ ಹೋಮ್ಸ್ ನನ್ನ ಮನೆಗೇ ಬಂದಳು. "ಇಲ್ಲ, ಬದ್ಕಿದಾನೆ, ಅದಕ್ಕೇ ಅಂಟ್ಸಿದ್ದು," ಅಂದೆ. "ಹಂಗಾದ್ರೆ ನಂಗೂ ಒಂದ್ ಕೊಡು. ಅವ್ನೇ ಬದ್ಲಾದ್ಮೇಲೆ ನಂದೇನು," ಅಂದಳು. ಸಂಜೆಯೊಳಗೆ ಆ ಸಾಲಿನ ಹನ್ನೊಂದು ಮನೆಯ ಕಿಟಕಿಯಲ್ಲಿ ನನ್ನ ಮುಖ. ಅಷ್ಟು ಸಲ ನನ್ನನ್ನೇ ನೋಡಿಕೊಂಡು ಬೀದಿ ದಾಟುವುದು ಕಷ್ಟವಾಯಿತು.

ಮತದಾನದ ದಿನ ನಸ್ರೀನ್ ನಿನ್ನ ಅಡುಗೆಮನೆಯಲ್ಲಿ ಕಾಲು ಚಾಚದೆ ದುಡಿದಳು. ಮಾಂಸ ಮತ್ತು ಆಲೂಗಡ್ಡೆಯ ಪೈ ಒಂದು ಕಡೆ, ಅವಳ ಅಕ್ಕ ತಂದ ಸಮೋಸ ಇನ್ನೊಂದು ಕಡೆ. ನಿನ್ನ ಹಿತ್ತಲ ಬಾಗಿಲಿನ ಚಿಲಕ ಸಡಿಲವಾಗಿದೆ, ಅಷ್ಟು ಜನ ಬಂದುಹೋದರು.

ನಿನ್ನ ಹಳೆಯ ಪಕ್ಷಕ್ಕೆ ಈಗ ನಗರಸಭೆಯಲ್ಲಿ ಬಹುಮತಕ್ಕೆ ಒಂದು ಸ್ಥಾನ ಕಡಿಮೆ. ಅವರ ನಾಯಕರು ಇವತ್ತು ಬೆಳಿಗ್ಗೆಯೇ ಫೋನ್ ಮಾಡಿ ಚಹಾಕ್ಕೆ ಕರೆದರು. "ಬರ್ತೀನಿ, ಆದ್ರೆ ಆಲ್ಮಾ ರಸ್ತೆ ಈಜುಕೊಳದ ಅಂಚಲ್ಲಿ ಕೂತು ಕುಡಿಯೋಣ, ಬಾಯ್ಲರನ್ನೂ ನೋಡ್ಕೊಂಡ್ ಹೋಗೋರಂತೆ," ಅಂದೆ. ಒಪ್ಪಿಕೊಂಡಿದ್ದಾರೆ. ಆ ಬಾಯ್ಲರ್ ಸರಿಯಾಗುವವರೆಗೆ ನನ್ನ ಕೈ ಅವರ ಪರವಾಗಿ ಏಳುವುದಿಲ್ಲ. ಇದನ್ನು ಅವರಿಗೆ ಹೇಳಿಯೂ ಆಗಿದೆ.

ನಿನ್ನೆ ಅನುಮಾನದ ಮತಪತ್ರಗಳನ್ನು ತೋರಿಸುವಾಗ ಎಲ್ಲರಿಗಿಂತ ಮುಂದೆ ಹೋಗಿ ನಿಂತೆ. ಒಂದೊಂದನ್ನೂ ಕಣ್ಣಿಟ್ಟು ನೋಡಿದೆ. ಮೀನು ಈ ಸಲವೂ ಬಂದಿತ್ತು, ಟೋಪಿ ಹಾಕಿಕೊಂಡು. ಎಚ್ ಅಕ್ಷರ ಎಲ್ಲೂ ಇರಲಿಲ್ಲ. ಆಮೇಲೆ ನನ್ನ ಕಂತೆಗಳ ಹತ್ತಿರ ಬಂದು ನಿಂತೆ. ಎಲ್ಲ ಬರೀ ಇಂಟು ಗುರುತುಗಳು, ಒಂದರ ಹಾಗೆ ಇನ್ನೊಂದು. ಪಕ್ಷದ ಪರವಾಗಿ ಎಣಿಕೆ ನೋಡಲು ಬಂದಿದ್ದ ಫರ್ತ್ ಪಕ್ಕಕ್ಕೆ ಬಂದು, "ಯಾಕಮ್ಮ, ಗೆದ್ದಿದ್ದೀಯಲ್ಲ, ಯಾಕ್ ಅಳ್ತೀಯ?" ಎಂದು ಕೇಳಿದ. ಏನೂ ಇಲ್ಲ ಎಂದೆ.

ಗೋಡೆ ಅಲ್ಲಿಗೆ ಬಿಟ್ಟು ಬಾ. ಈಜುಕೊಳ ಬುಧವಾರ ಹೆಂಗಸರಿಗೆ, ಶನಿವಾರ ಬೆಳಿಗ್ಗೆ ಏಳರಿಂದ ಎಲ್ಲರಿಗೂ. ಚಡ್ಡಿ ನೀನೇ ತಂದುಕೋ, ಸೀಟಿ ನನ್ನ ಹತ್ತಿರ ಇದೆ. ಅಂಚು ಬಿಡಿಸುವುದು ನನಗೆ ಬಿಡು.

ನಿನ್ನ ಈನಿಡ್